ತೊಳೆ ತಿಂದ ಮೇಲೆ ತೊಳೆಯುವುದು

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ರೈಲು ಗಾಲಿ ಕಾರ್ಖಾನೆ ದಾಟಿದ ಮೇಲೆ, ಮೇ ತಿಂಗಳು ಬಂತೆಂದರೆ ಹಲಸಿನ ಗಾಡಿಗಳು ಬಂದು ನಿಲ್ಲುತ್ತವೆ. ಯಾವ ಊರಿನ ಹಣ್ಣು ಎಂದು ಕೇಳಿದರೆ ಬರುವ ಉತ್ತರ ಒಂದೇ, ತೂಬಗೆರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಆ ಊರಿನ ಹಲಸಿಗೆ ಅಷ್ಟು ಹೆಸರಿದೆ. ಗಾಡಿಯಲ್ಲಿರುವ ಹಣ್ಣೆಲ್ಲ ಅಲ್ಲಿಂದಲೇ ಬಂದಿರಬೇಕು ಅಂತೇನಿಲ್ಲ, ಆ ವಿಚಾರ ಬಿಡಿ. ನಾನು ನೋಡಿದ್ದು ಹಣ್ಣನ್ನಲ್ಲ, ಹಣ್ಣು ಬಿಡಿಸುತ್ತಿದ್ದ ಹೆಂಗಸಿನ ಕೈಯನ್ನು. ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಬಟ್ಟಲಿನಲ್ಲಿ ಎಣ್ಣೆ ಇತ್ತು. ಹೊಸ ಹಣ್ಣಿಗೆ ಕೈ ಹಾಕುವಾಗೆಲ್ಲ ಆಕೆ ಮೊದಲು ಚಾಕುವಿನ ಎರಡೂ ಮೈಗೆ ಎಣ್ಣೆ ಸವರುತ್ತಿದ್ದರು, ಆಮೇಲೆ ಬೆರಳ ಸಂದಿಗೆ, ಅಲ್ಲಿಂದ ಮುಂಗೈವರೆಗೆ. ಹಣ್ಣು ಇಬ್ಭಾಗವಾದ ಕೂಡಲೇ ನಡುವಿನ ದಿಂಡಿನಿಂದ ಬಿಳಿ ಹಾಲು ಒಸರಿ, ನೂಲಿನಂತೆ ಎಳೆಯಾಗಿ ಇಳಿಯುತ್ತಿತ್ತು. ಅದನ್ನು ಹಳೇ ಪೇಪರಿನ ತುಂಡಿನಲ್ಲಿ ಒತ್ತಿ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದರು.

‘ಒಂದು ತೊಳೆ ತಿಂದ್ ನೋಡಿ ಸಾರ್, ಆಮೇಲೆ ಮಾತಾಡಾಣ’ ಎಂದು ಕೈಗಿಟ್ಟರು. ಇಸಿದುಕೊಳ್ಳುವ ಅವಸರದಲ್ಲಿ ಆ ನೂಲಿನ ಒಂದು ಎಳೆ ನನ್ನ ತಿಳಿನೀಲಿ ಅಂಗಿಯ ತೋಳಿಗೆ ಬಂದು ಕೂತಿತು.

‘ಮುಟ್ಬೇಡಿ ಸಾರ್, ಉಜ್ಜಲೇಬೇಡಿ. ಮನೆಗೋಗಿ ಕೊಬ್ರಿ ಎಣ್ಣೆ ಹಚ್ಚಿ.’

ವಿಜ್ಞಾನದ ಬಗ್ಗೆ ಬರೆಯುವವನಿಗೆ ಬೀದಿಯಲ್ಲಿ ಸಿಕ್ಕ ಸಲಹೆ ರುಚಿಸುತ್ತದೆಯೇ? ಬಾಟಲಿಯ ನೀರು ಸುರಿದು ಕರವಸ್ತ್ರದಿಂದ ಉಜ್ಜಿದೆ. ಮನೆಗೆ ಬಂದು ಬಟ್ಟೆ ಸೋಪು ಹಾಕಿ ತಿಕ್ಕಿದೆ. ಮಾರನೇ ದಿನ ಕಲೆ ಕಾಣಲಿಲ್ಲ, ಹೋಗಿದೆ ಎಂದುಕೊಂಡು ಬಿಸಿ ಇಸ್ತ್ರಿ ಎಳೆದೆ. ಎಳೆದ ಜಾಗದಲ್ಲಿ ಕಡ್ಲೆಬೀಜದಷ್ಟು ಅಗಲದ, ಕಂದುಬಣ್ಣದ, ಹೊಳೆಯುವ ಮಚ್ಚೆಯೊಂದು ಎದ್ದು ಬಂತು. ಇಸ್ತ್ರಿಪೆಟ್ಟಿಗೆಯ ತಳಕ್ಕೂ ಅದೇ ಮಚ್ಚೆ. ಮಾಡಬಹುದಾದ ಮೂರು ತಪ್ಪನ್ನೂ ಸಾಲಾಗಿ, ಒಂದನ್ನೂ ಬಿಡದೆ ಮಾಡಿ ಮುಗಿಸಿದ್ದೆ.

ಮೊದಲ ತಪ್ಪು ಉಜ್ಜಿದ್ದು. ಹಲಸಿನ ಮರದ ಮೈತುಂಬ, ಕಾಂಡ ಎಲೆ ಕಾಯಿ ಎನ್ನದೆ, ಹಾಲು ತುಂಬಿದ ಸಣ್ಣ ಸಣ್ಣ ನಾಳಗಳಿವೆ. ನಾಳದೊಳಗೆ ಒತ್ತಡವಿರುವುದರಿಂದ ಗೀರಿದ ಕೂಡಲೇ ಹಾಲು ಚಿಮ್ಮುತ್ತದೆ. ಮರಕ್ಕೆ ಅದು ಊಟವೂ ಅಲ್ಲ, ನೀರೂ ಅಲ್ಲ, ಕಾವಲು. ಎಲೆ ಕಚ್ಚಿದ ಹುಳುವಿನ ಬಾಯಿಯನ್ನು ಅಂಟಿಸುತ್ತದೆ, ಗಾಯದ ಬಾಯಿಯನ್ನೂ ಮುಚ್ಚುತ್ತದೆ. ಹೀಗೆ ಹಾಲು ಸುರಿಸುವ ಸಸ್ಯಗಳು ಪ್ರಪಂಚದಲ್ಲಿ ಸುಮಾರು 20,000 ಜಾತಿ ಇವೆ ಎಂಬುದು ಸಸ್ಯಶಾಸ್ತ್ರಜ್ಞರ ಅಂದಾಜು. ನಮ್ಮ ಆಲ, ಅತ್ತಿ, ಎಕ್ಕ, ಕಣಗಿಲೆ ಎಲ್ಲ ಆ ಪಟ್ಟಿಯವೇ. ನರ್ಸರಿಗಳಲ್ಲಿ ಈಗ ‘ಗಮ್‌ಲೆಸ್’ ಎಂದು ಮೇಣ ಕಡಿಮೆಯಿರುವ ಹಲಸಿನ ಸಸಿಯೂ ಸಿಗುತ್ತದೆ. ತಿನ್ನುವವರಿಗೆ ಅನುಕೂಲ, ಮರದ ಅಭಿಪ್ರಾಯ ಯಾರೂ ಕೇಳಿಲ್ಲ.

ಈ ಹಾಲು ಬೆಳ್ಳಗಿರುವುದಕ್ಕೂ ಹಸುವಿನ ಹಾಲು ಬೆಳ್ಳಗಿರುವುದಕ್ಕೂ ಕಾರಣ ಒಂದೇ. ನೀರಿನಲ್ಲಿ ಕರಗದ ಕಣಗಳು ನೀರಿನಲ್ಲಿ ತೇಲಾಡುತ್ತ ಬೆಳಕನ್ನು ಚೆದುರಿಸುತ್ತವೆ. ಅಲ್ಲಿ ಬೆಣ್ಣೆಯ ಕಣ, ಇಲ್ಲಿ ರಾಳ ಮತ್ತು ರಬ್ಬರಿನ ಕಣ. ಹಾಲನ್ನು ಹೆಪ್ಪು ಹಾಕಿ ಕಡೆದರೆ ಬೆಣ್ಣೆ ಒಂದುಗೂಡಿ ಮೇಲೆ ಬರುತ್ತದಲ್ಲ, ಕರವಸ್ತ್ರದಲ್ಲಿ ನಾನು ಉಜ್ಜಿದಾಗಲೂ ಆದದ್ದು ಅದೇ. ಬಿಡಿಬಿಡಿಯಾಗಿದ್ದ ಕಣಗಳನ್ನು ನಾನೇ ಕಡೆದು ಒಂದುಗೂಡಿಸಿ ದಾರದ ಸಂದಿಗೆ ತುರುಕಿದೆ. ನೀರು ಹರಿದುಹೋಯಿತು, ಮೇಣ ನಿಂತಿತು. ಕರಾವಳಿಯವರು ಇದಕ್ಕೆ ಮೇಣ ಎಂದೇ ಅನ್ನುತ್ತಾರೆ. ಹಣ್ಣು ಬಿಡಿಸುವಾಗ ಒಂದು ಕೋಲಿಗೆ ಅದನ್ನು ಸುತ್ತುತ್ತಾ ಹೋಗುತ್ತಾರೆ. ಕೋಲಿಗೆ ಮೆತ್ತಿದ ಹಳೇ ಮೇಣ ಹೊಸದನ್ನು ಎಳೆದುಕೊಳ್ಳುತ್ತದೆ, ಕೈಗೆ ತಾಗುವುದು ಕಡಿಮೆ. ಆ ಉಂಡೆ ಸೋರುವ ಕೊಡದ ಬಿರುಕಿಗೂ ಆಗುತ್ತಿತ್ತು.

ಎರಡನೇ ತಪ್ಪು ನೀರು, ಸೋಪಿನಿಂದ ಶುರುಮಾಡಿದ್ದು. ಹಲಸಿನ ಮೇಣದಲ್ಲಿ ಹೆಚ್ಚಿನ ಪಾಲು ರಾಳ, ಜೊತೆಗೆ ಒಂದಿಷ್ಟು ರಬ್ಬರ್. ಎರಡೂ ಬಹುಪಾಲು ಇಂಗಾಲ ಮತ್ತು ಜಲಜನಕದಿಂದಾದ, ಜಿಡ್ಡಿನ ಜಾತಿಯ ಅಣುಗಳು. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಂಡಿರುತ್ತವೆ, ಇಂಥವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಣ್ಣೆ ಬಿಟ್ಟುಕೊಳ್ಳುತ್ತದೆ. ಅದೂ ಅದೇ ಜಾತಿಯದು. ಕೊಬ್ಬರಿ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟರೆ ರಾಳ ಅದರಲ್ಲಿ ಕರಗುತ್ತದೆ. ರಬ್ಬರ್ ಪೂರ್ತಿ ಕರಗದಿದ್ದರೂ ಎಣ್ಣೆ ಕುಡಿದು ಉಬ್ಬಿ ನೂಲಿನ ಮೇಲಿನ ಹಿಡಿತ ಸಡಿಲಿಸುತ್ತದೆ. ಕೈಗೆ, ಚಾಕುವಿಗೆ ಮೊದಲೇ ಎಣ್ಣೆ ಹಚ್ಚಿಕೊಳ್ಳುವುದು ಇನ್ನೂ ಜಾಣತನ. ಮೇಣ ಬಂದು ಕೂರುವ ಹೊತ್ತಿಗೆ ಆ ಜಾಗ ಆಗಲೇ ಭರ್ತಿಯಾಗಿರುತ್ತದೆ.

ಇದೇ ರಸಾಯನಶಾಸ್ತ್ರದಿಂದ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ದುಡ್ಡು ಮಾಡಿದ. 1823ರಲ್ಲಿ ಆತ ರಬ್ಬರನ್ನು ಕಲ್ಲಿದ್ದಲ ಡಾಂಬರಿನಿಂದ ತೆಗೆದ ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು, ನೀರು ಒಳಬರದ ಕೋಟು ಮಾಡಿದ. ಮರದ ಹಾಲಿನ ಕಲೆಯನ್ನು ಬಟ್ಟೆಯುದ್ದಕ್ಕೂ ಬೇಕೆಂದೇ ಮಾಡಿಸಿಕೊಂಡರೆ ಅದು ರೇನ್‌ಕೋಟು. ನನ್ನ ತೋಳಿನ ಮೇಲಿದ್ದದ್ದು ಕಡ್ಲೆಬೀಜದಷ್ಟಗಲದ ರೇನ್‌ಕೋಟು, ಸೋಪಿನ ನೀರು ಅದರ ಮೇಲಿಂದ ಜಾರಿಹೋಗಿತ್ತು, ಅಷ್ಟೆ.

ಮೂರನೆಯದು ಇಸ್ತ್ರಿ. ಬಿಸಿಗೆ ರಾಳ ಮೆತ್ತಗಾಗಿ, ಮೇಲೆ ಕೂತಿದ್ದು ನೂಲಿನ ಒಡಲಿಗೇ ಇಳಿಯುತ್ತದೆ, ಆರಿದ ಮೇಲೆ ಅಲ್ಲೇ ಬಿಗಿಯುತ್ತದೆ. ಬಿಸಿನೀರೂ ಹಾಗೆಯೇ, ವಾಷಿಂಗ್ ಮಷೀನಿನ ಡ್ರೈಯರೂ ಹಾಗೆಯೇ. ಮಾಡಬೇಕಾದದ್ದು ಇದಕ್ಕೆ ಪೂರಾ ತದ್ವಿರುದ್ಧ. ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಇಟ್ಟರೆ ರಾಳ ಗಡುಸಾಗುತ್ತದೆ. ಆಗ ಚಮಚದ ಅಂಚಿನಿಂದ ಕೆರೆದರೆ ದಪ್ಪ ಪದರ ಚೂರುಚೂರಾಗಿ ಉದುರುತ್ತದೆ. ಉಳಿದದ್ದಕ್ಕಷ್ಟೇ ಎಣ್ಣೆ.

ಎಣ್ಣೆ ಹಚ್ಚಿದ ಮೇಲೆ ಇನ್ನೊಂದು ರಗಳೆ. ಮೇಣದ ಕಲೆ ಹೋಯಿತು, ಎಣ್ಣೆಯ ಕಲೆ ಬಂತು. ಕೈಯಾದರೆ ಕಡ್ಲೆಹಿಟ್ಟು ಹಾಕಿ ತೊಳೆದರೆ ಆಯಿತು, ಬಟ್ಟೆಯ ಮಾತು ಬೇರೆ. ಸೋಪಿನ ಸರದಿ ಬರುವುದು ಇಲ್ಲಿ. ಸೋಪಿನ ಅಣುವಿಗೆ ಎರಡು ಕಡೆ ನೆಂಟಸ್ತಿಕೆ. ಒಂದು ತುದಿ ನೀರಿನ ಮನೆಯದು, ಉದ್ದ ಬಾಲ ಜಿಡ್ಡಿನ ಮನೆಯದು. ನೂರಾರು ಬಾಲಗಳು ಒಂದು ಎಣ್ಣೆಹನಿಗೆ ನೆಟ್ಟುಕೊಂಡು, ತಲೆಗಳನ್ನು ಹೊರಗೆ ನೀರಿಗೆ ಕೊಟ್ಟು, ಹನಿಯನ್ನು ಬಟ್ಟೆಯಿಂದ ಎಬ್ಬಿಸಿಕೊಂಡು ಹೋಗುತ್ತವೆ. ಮೇಣ ಆ ಹೊತ್ತಿಗೆ ಎಣ್ಣೆಯೊಳಗೆ ಕರಗಿರುವುದರಿಂದ ಅದೂ ಜೊತೆಗೇ ಹೊರಡುತ್ತದೆ. ಸೋಪೇನೂ ಕಡಿಮೆಯಾಗಿರಲಿಲ್ಲ, ಮೊದಲಿನ ಕೆಲಸ ಮಾಡದೆ ಅದನ್ನು ಕರೆದಿದ್ದೆ. ಸೋಪಿನ ಮಾತು ಬಂದಾಗ ಉತ್ತರ ಬೆಂಗಳೂರಿಗೆ ತುಸು ಹೆಮ್ಮೆ ಇರಬೇಕಾದದ್ದೇ. ಮೆಟ್ರೋದಲ್ಲಿ ಯಶವಂತಪುರದ ಪಕ್ಕದಲ್ಲೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣವೇ ಇದೆ. 1918ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ ಆ ಸೋಪಿನ ಹಿಂದೆ ದುಡಿದ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಗಳಿಗೆ ‘ಸೋಪ್ ಶಾಸ್ತ್ರಿ’ ಎಂದೇ ಹೆಸರು ಬಿತ್ತು.

ಆದರೆ ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಸೋಪಿನ ಮೇಲೆ ಅಷ್ಟು ಗೌರವವಿಲ್ಲ. ಯಲಹಂಕದ ಸುತ್ತಮುತ್ತ ನಲ್ಲಿಯ ಮೂತಿಗೆ ಬಿಳಿ ಪೊರೆ ಕಟ್ಟಿದ್ದನ್ನು ನೋಡಿದವರಿಗೆ ನೀರಿನ ಗಡಸುತನ ವಿವರಿಸಬೇಕಿಲ್ಲ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನ ಅಣುವನ್ನೇ ಹಿಡಿದು ಮೊಸರಿನಂಥ ಕಿಟ್ಟ ಮಾಡುತ್ತವೆ, ನೊರೆ ಏಳುವುದಿಲ್ಲ. ಪಾತ್ರೆ ತೊಳೆಯುವ ದ್ರವ ಸೋಪಲ್ಲ, ಡಿಟರ್ಜೆಂಟು, ಅದಕ್ಕೆ ಈ ಕಾಟ ಕಡಿಮೆ. ಜಿಡ್ಡು ಬಿಡಿಸಲೆಂದೇ ಮಾಡಿದ್ದೂ ಹೌದು. ಎಣ್ಣೆ ಹಚ್ಚಿದ ಜಾಗಕ್ಕೆ ನೀರು ಸೋಕಿಸದೆ, ಒಣಗಿದ್ದಂತೆಯೇ ಅದರ ನಾಲ್ಕು ಹನಿ ಬಿಟ್ಟು ಬೆರಳಿನಲ್ಲಿ ತೀಡಿ, ಹತ್ತು ನಿಮಿಷ ಕಳೆದ ಮೇಲೆ ನೀರು ಹಾಕಬೇಕು. ರೇಷ್ಮೆಗೆ ಮಾತ್ರ ಇದ್ಯಾವುದೂ ಬೇಡ, ಅಜ್ಜಿಯರ ಅಂಟುವಾಳದ ಕಾಯಿಯೇ ಸರಿ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಕೂಡ ಎರಡು ಮನೆಯ ನೆಂಟನೇ, ಆದರೆ ಸೋಪಿನಷ್ಟು ಕ್ಷಾರವಿಲ್ಲದ ಸಾಧು. ಅಂಟು ಬಿಡಿಸುವ ಕಾಯಿಯ ಹೆಸರಿನಲ್ಲೇ ಅಂಟು ಇರುವುದು, ತಿನ್ನುವ ತೊಳೆಗೂ ಒಗೆಯುವ ತೊಳೆಗೂ ಒಂದೇ ಅಕ್ಷರ ಇರುವುದು ಎಲ್ಲ ಕನ್ನಡದ ತಮಾಷೆ. ರಸಾಯನಶಾಸ್ತ್ರಕ್ಕೆ ಸಂಬಂಧವಿಲ್ಲ.

ನನ್ನ ಅಂಗಿಯ ಮಚ್ಚೆ ಆಗಲೇ ಇಸ್ತ್ರಿ ಕಂಡಿದ್ದರಿಂದ ಕೊಬ್ಬರಿ ಎಣ್ಣೆಗೆ ಅರ್ಧ ಮಾತ್ರ ಬಗ್ಗಿತು. ಉಳಿದರ್ಧಕ್ಕೆ ಮೆಡಿಕಲ್ ಶಾಪಿನಲ್ಲಿ ನೆಗಡಿಗೆ ಸಿಗುವ ನೀಲಗಿರಿ ಎಣ್ಣೆ ತಂದೆ. ಅದರ ಮುಖ್ಯ ಅಂಶ ಸಿನಿಯೋಲ್, ರಾಳ ಕರಗಿಸುವುದರಲ್ಲಿ ನಿಸ್ಸೀಮ. ಮೇಲಾಗಿ ಆವಿಯಾಗಿ ಹೋಗುವುದರಿಂದ ಜಿಡ್ಡೂ ಉಳಿಯುವುದಿಲ್ಲ. ಮಚ್ಚೆಯ ಕೆಳಗೆ ಹಳೇ ಬಿಳಿ ಬನಿಯನ್ ಮಡಿಸಿಟ್ಟು, ಹತ್ತಿಯಲ್ಲಿ ಎಣ್ಣೆ ಅದ್ದಿ ಮೇಲಿಂದ ಒತ್ತುತ್ತಾ ಹೋದೆ. ಉಜ್ಜಲಿಲ್ಲ, ಬುದ್ಧಿ ಬಂದಿತ್ತು. ಐದು ನಿಮಿಷದಲ್ಲಿ ಬನಿಯನ್ ಮೇಲೆ ತಿಳಿ ಕಂದು ಉಂಗುರ ಇಳಿಯಿತು. ಬನಿಯನ್ನಿನ ಮಗ್ಗುಲು ಬದಲಿಸಿ ಮತ್ತೆ ಒತ್ತಿದೆ. ನಾಲ್ಕನೇ ಸಲಕ್ಕೆ ಉಂಗುರ ಬೀಳಲಿಲ್ಲ. ಈ ದೇಶದ ಮೊದಲ ನೀಲಗಿರಿಯನ್ನು 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದಲ್ಲಿ ನೆಡಿಸಿದ ಎನ್ನುತ್ತಾರೆ. ಅಂತರ್ಜಲ ಕುಡಿಯುತ್ತದೆಂದು 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಮರದ ಮೇಲೆ ನನಗೂ ಪ್ರೀತಿಯಿಲ್ಲ, ಅದರ ಎಣ್ಣೆಯ ಋಣ ಮಾತ್ರ ಇದೆ. ಸೀಮೆಎಣ್ಣೆ, ಪೆಟ್ರೋಲೂ ಇದೇ ಕೆಲಸ ಮಾಡುತ್ತವೆ. ಒಲೆ ಉರಿಯುವ ಮನೆಯಲ್ಲಿ ಬಟ್ಟೆಗೆ ಪೆಟ್ರೋಲು ಹಚ್ಚುವ ಸಾಹಸ ಯಾರೂ ಮಾಡಬಾರದು. ಉಗುರುಬಣ್ಣ ತೆಗೆಯುವ ಅಸಿಟೋನು ಅಸಿಟೇಟ್ ಬಟ್ಟೆಯನ್ನೇ ಕರಗಿಸಿಬಿಡುತ್ತದೆ. ಯಾವುದೇ ಆಗಲಿ, ಮೊದಲು ಒಳಹೊಲಿಗೆಯ ಅಂಚಿಗೆ ಒಂದು ಹನಿ ಹಾಕಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಬೇಕು.

ಇಷ್ಟು ಪಾಠ ಕಲಿತವನು ಅದೇ ವರ್ಷ ಆಯುಧಪೂಜೆಗೆ ಇನ್ನೊಂದು ಪೆಟ್ಟು ತಿಂದೆ. ಯಶವಂತಪುರ ಮಾರುಕಟ್ಟೆಯ ಹತ್ತಿರ ಒಂದು ಜೊತೆ ಬಾಳೆಕಂದು ಕೊಂಡು ಹೆಗಲ ಮೇಲಿಟ್ಟುಕೊಂಡು ಬಂದೆ. ಕಡಿದ ಬುಡದಿಂದ ತೊಟ್ಟಿಕ್ಕಿದ್ದು ನೀರಿನಂತೆಯೇ ಇತ್ತು, ಬಣ್ಣವಿಲ್ಲ, ಅಂಟೂ ಅಷ್ಟಾಗಿ ಇಲ್ಲ. ಮರದ್ದಲ್ಲವೇ, ಎಣ್ಣೆ ಹಚ್ಚಿಬಿಡೋಣ ಎಂದು ಬಿಳಿ ಅಂಗಿಗೆ ಕೊಬ್ಬರಿ ಎಣ್ಣೆ ಹಚ್ಚಿ ಪೂಜೆಗೆ ಕೂತೆ. ಸಂಜೆಗೆ ಹೆಗಲಿಂದ ಎದೆವರೆಗೆ ಕಾಫಿ ಚೆಲ್ಲಿದಂಥ ಗೀರುಗಳು.

ಬಾಳೆಯ ರಸದಲ್ಲಿ ಕರಗಿಸಬೇಕಾದ ರಾಳ ಇಲ್ಲ. ಇರುವುದು ಟ್ಯಾನಿನ್‌ನಂಥ ಫೀನಾಲುಗಳು, ಅವನ್ನು ಗಾಳಿಯ ಆಮ್ಲಜನಕದ ಜೊತೆ ಕೂಡಿಸುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಗಿಡದೊಳಗೆ ಎರಡೂ ಬೇರೆಬೇರೆ ಕೋಣೆಯಲ್ಲಿರುತ್ತವೆ. ಕತ್ತಿ ಬಿದ್ದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿ ತಾಗುತ್ತದೆ, ಕಂದು ಬಣ್ಣ ಹುಟ್ಟುತ್ತದೆ. ಅಂದರೆ ಬಾಳೆ ಕಲೆಯನ್ನು ತಂದು ಹಾಕುವುದಿಲ್ಲ, ಬಟ್ಟೆಯ ಮೇಲೆ ಕೂತು ತಯಾರಿಸುತ್ತದೆ. ಒಂದು ತರಹದ ಬಣ್ಣ ಹಾಕುವ ಕಾರ್ಖಾನೆ. ಕಾರ್ಖಾನೆ ಶುರುವಾಗುವ ಮುಂಚೆ, ಮೊದಲ ಕೆಲವು ನಿಮಿಷದಲ್ಲಿ, ಬರೀ ತಣ್ಣೀರು ಧಾರಾಳವಾಗಿ ಸುರಿದರೆ ಎಲ್ಲ ಕೊಚ್ಚಿಹೋಗುತ್ತಿತ್ತು. ಹಲಸಿಗೆ ಬೇಡವಾದ ನೀರೇ ಬಾಳೆಗೆ ಮದ್ದು. ನಾನು ಎಣ್ಣೆ ಹಚ್ಚಿ ನೀರಿಗೂ ದಾರಿ ಮುಚ್ಚಿದ್ದೆ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಗಳಿಗೆ ಗೊತ್ತೇ ಇದೆ, ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದಿಲ್ಲ ಅಷ್ಟೆ. ಬಾಳೆದಿಂಡು, ಬಾಳೆಹೂ ಹೆಚ್ಚುವಾಗ ಹೆಚ್ಚಿದ್ದನ್ನೆಲ್ಲ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗುತ್ತಾರಲ್ಲ, ಅದು ಕಪ್ಪಾಗದಿರಲಿ ಎಂದು. ಮಜ್ಜಿಗೆಯ ಹುಳಿಯಲ್ಲಿ ಆ ಕಿಣ್ವದ ಕೈ ಓಡುವುದಿಲ್ಲ, ನೀರಿನೊಳಗೆ ಮುಳುಗಿದ್ದಕ್ಕೆ ಗಾಳಿಯೂ ಸಿಗುವುದಿಲ್ಲ. ಅಂಗಿಗೂ ಇದೇ ಲೆಕ್ಕ. ತಣ್ಣೀರಿನಲ್ಲಿ ಜಾಲಿಸಿ ನಿಂಬೆಹುಳಿ ಹಿಂಡಿ, ಮತ್ತೆ ಜಾಲಿಸಬೇಕು. ಆಮೇಲಷ್ಟೇ ಸೋಪು. ಮೊದಲೇ ಬಟ್ಟೆ ಸೋಪು ಹಾಕಿದರೆ ಅದರ ಕ್ಷಾರ ಫೀನಾಲುಗಳನ್ನು ಇನ್ನೂ ಬೇಗ ಕಪ್ಪಾಗಿಸುತ್ತದೆ. ಒಣಗಿ ಬಣ್ಣ ಕಚ್ಚಿದ ಮೇಲೆ ತೊಳೆಯುವ ಮಾತೇ ಇಲ್ಲ, ಆ ಬಣ್ಣವನ್ನೇ ಒಡೆಯಬೇಕು. ಬಿಳಿ ಹತ್ತಿಯಾದರೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿಯನ್ನು ಬಿಸಿನೀರಿಗೆ ಹಾಕಿ ನೆನೆಸಿಡಬಹುದು. ಅದು ಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಕಂದು ಅಣುಗಳನ್ನು ಮುರಿದು ಬಣ್ಣಗೆಡಿಸುತ್ತದೆ. ನನ್ನ ಅಂಗಿಯಲ್ಲಿ ಮೂರು ನೆನೆಸಿಗೆ ಕಾಫಿ ಹೋಗಿ ಚಹಾ ಆಯಿತು, ಅಲ್ಲಿಗೇ ನಿಂತಿತು. ಈಗ ಹಲಸು ಬಿಡಿಸುವಾಗ ಅದನ್ನೇ ಹಾಕಿಕೊಳ್ಳುತ್ತೇನೆ.

ಕೆಲವು ಸಲ ಮರದ ಮೇಲೆ ಸುಳ್ಳು ಅಪವಾದವೂ ಬರುತ್ತದೆ. ಆರ್.ಟಿ. ನಗರದ ಒಳರಸ್ತೆಗಳಲ್ಲಿ ಬೇಸಿಗೆಯಲ್ಲಿ ಮರದಡಿ ಸ್ಕೂಟರ್ ನಿಲ್ಲಿಸಿದವರಿಗೆ ಗೊತ್ತು. ಸೀಟಿನ ಮೇಲೆ ಸಣ್ಣಸಣ್ಣ ಅಂಟು ಹನಿಗಳು ಬಿದ್ದಿರುತ್ತವೆ, ಕೂತು ಎದ್ದರೆ ಪ್ಯಾಂಟಿಗೂ ಬರುತ್ತವೆ. ಮರ ಗೋಂದು ಸುರಿಸಿತು ಎಂದು ಬೈಯುತ್ತೇವೆ. ಅದು ಎಲೆಯಡಿ ಕೂತು ರಸ ಹೀರುವ ಜಿಗಿಹುಳು, ಹಿಟ್ಟುತಿಗಣೆಗಳ ವಿಸರ್ಜನೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನಿಗೆ ಬೇಕಾದ ಸಾರಜನಕ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಬೇಕೆಂದರೆ ಹುಳು ಹೊಟ್ಟೆ ಬಿರಿಯುವಷ್ಟು ರಸ ಕುಡಿದು, ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಚಿಮ್ಮಬೇಕು. ಪಾನಕದ ಕಲೆಗೆ ಮಾಡುವುದನ್ನೇ ಇದಕ್ಕೂ ಮಾಡಿದರೆ ಸಾಕು, ಉಗುರು ಬೆಚ್ಚಗಿನ ನೀರು. ನುಗ್ಗೆ, ಬೇವು, ಜಾಲಿಯ ನಿಜವಾದ ಗೋಂದೂ ಸಕ್ಕರೆಯ ಕುಲದ್ದೇ, ನೀರಿನಲ್ಲಿ ನೆನೆದರೆ ಬಿಡುತ್ತದೆ. ಅದರ ಮೇಲೆ ಎಣ್ಣೆ ಹಚ್ಚಿ ಕೂರುವುದು ವ್ಯರ್ಥ.

ಇನ್ನು ಮಾವಿನ ಸೊನೆ. ತೊಟ್ಟು ಮುರಿದ ಕೂಡಲೇ ಚಿಮ್ಮುವ ಇದರಲ್ಲಿ ಹಲಸೂ ಇದೆ, ಬಾಳೆಯೂ ಇದೆ. ಮೇಲೆ ಟರ್ಪೀನುಗಳ ಎಣ್ಣೆ ಪದರ, ಕೆಳಗೆ ಕಿಣ್ವಗಳಿರುವ ನೀರಿನ ಪದರ. ಹಣ್ಣಿನ ಸಿಪ್ಪೆಯ ಮೇಲೆ ಸೊನೆ ಹರಿದ ಕಡೆ ಕಪ್ಪು ಗೀರು ಬೀಳುವುದು ಈ ಇಬ್ಬರ ಜಂಟಿ ಕೆಲಸ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಬೇರೆಬೇರೆ ತಳಿಗಳ ಸೊನೆಯನ್ನು ಹಿಡಿದು ಪರೀಕ್ಷಿಸಿದ್ದಾರೆ. ಬಟ್ಟೆಗೆ ಬಿದ್ದರೆ ಎರಡು ಹಂತದಲ್ಲಿ ಹೋಗಬೇಕು, ತಕ್ಷಣ ತಣ್ಣೀರು, ಆರಿದ ಮೇಲೆ ನೀಲಗಿರಿ ಎಣ್ಣೆಯೋ ಸ್ಯಾನಿಟೈಸರೋ. ಕೆಲವರ ತುಟಿ, ಗಲ್ಲ ಸುಟ್ಟಂತಾಗುವುದು ಸೊನೆಯಲ್ಲಿರುವ ಬೇರೊಂದು ಜಾತಿಯ ಫೀನಾಲಿನಿಂದ. ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವುದೂ ಅದರ ದಾಯಾದಿಯೇ. ಮಾವು, ಗೋಡಂಬಿ ಒಂದೇ ಕುಟುಂಬದವು.

ಆ ಕುಟುಂಬದಲ್ಲಿ ಇನ್ನೊಬ್ಬನಿದ್ದಾನೆ, ಕರಿಗೇರು. ಆಯುರ್ವೇದದಲ್ಲಿ ಭಲ್ಲಾತಕ. ಕಾಯಿಯ ಸಿಪ್ಪೆಯೊಳಗೆ ಕಪ್ಪು ಸೊನೆ. ಅಗಸರು ಹಿಂದೆ ಕಾಯಿಗೆ ಸೂಜಿ ಚುಚ್ಚಿ, ಆ ಸೊನೆಯಿಂದ ಬಟ್ಟೆಯ ಮೂಲೆಯಲ್ಲಿ ಮನೆಮನೆಗೊಂದು ಗುರುತು ಹಾಕಿ, ಮೇಲೆ ಸುಣ್ಣ ತೀಡುತ್ತಿದ್ದರು. ಸುಣ್ಣದ ಕ್ಷಾರ ಮತ್ತು ಗಾಳಿ ಸೇರಿ ಸೊನೆಯ ಅಣುಗಳನ್ನು ಒಂದಕ್ಕೊಂದು ಹೆಣೆದು ನೂಲಿನ ಸುತ್ತ ಕಪ್ಪು ಅರಗು ಮಾಡುತ್ತಿದ್ದವು. ಬಾಳೆಯ ಕಲೆಯಂತೆ ಬಟ್ಟೆಯ ಮೇಲೆಯೇ ಹುಟ್ಟಿದ್ದು, ಹಲಸಿನ ಮೇಣದಂತೆ ನೀರಿಗೆ ಬಗ್ಗದ್ದು. ಮರದ ವೈಜ್ಞಾನಿಕ ಹೆಸರು ಸೆಮಿಕಾರ್ಪಸ್ ಎಂದರೆ ಗ್ರೀಕಿನಲ್ಲಿ ಗುರುತಿನ ಕಾಯಿ ಎಂದೇ ಅರ್ಥ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರಿಗೆ ಕತ್ತಿನ ಹಿಂದೆ, ಸೊಂಟದ ಹತ್ತಿರ ಕಾರಣ ತಿಳಿಯದ ತುರಿಕೆ ಏಳುತ್ತಿತ್ತಂತೆ. ವೈದ್ಯರು ಕೊನೆಗೆ ನೋಡಿದರೆ ಅದು ಕಾಲರ್ ಮತ್ತು ಚಡ್ಡಿಯ ಪಟ್ಟಿಗೆ ದೋಭಿ ಹಾಕಿದ್ದ ಈ ಗುರುತು.

ನಮ್ಮ ಮನೆಯ ಟ್ರಂಕಿನಲ್ಲಿ ತಾತನ ಒಂದು ಪಂಚೆ ಉಳಿದಿದೆ. ಮೂಲೆಯಲ್ಲಿ ಎರಡು ಚುಕ್ಕಿ, ಒಂದು ಗೀಟು. ಈ ಲೇಖನ ಬರೆಯುವ ಮುಂಚೆ ಒಂದು ಚುಕ್ಕಿಯ ಮೇಲೆ ಕೊಬ್ಬರಿ ಎಣ್ಣೆ, ನೀಲಗಿರಿ ಎಣ್ಣೆ, ಪರ್‌ಕಾರ್ಬೊನೇಟ್ ನೀರು ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆ. ಸುತ್ತಲಿನ ಬಟ್ಟೆ ಬೆಳ್ಳಗಾಯಿತು.